ಪರದೆ ಏಕೆ ಮಿಟುಕುತ್ತದೆ?

ಥಾಣೆಯಿಂದ ಬೇಲಾಪುರಕ್ಕೆ ಹೋಗುವ ರಸ್ತೆಯಲ್ಲಿ ಈ ಪ್ರದೇಶದ ಎರಡು ಮುಖಗಳು ಒಟ್ಟಿಗೇ ಕಾಣುತ್ತವೆ. ಒಂದು ಕಾರ್ಖಾನೆಗಳ ಮುಖ. 1962ರಲ್ಲಿ ಹುಟ್ಟಿದ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ (ಎಂಐಡಿಸಿ) ಮೊದಲು ಬೆಳೆಸಿದ್ದು ಥಾಣೆಯ ವಾಗ್ಳೆ ಎಸ್ಟೇಟನ್ನು. ಡೊಂಬಿವಲಿ ಎಂಐಡಿಸಿಯ ರಾಸಾಯನಿಕ ಘಟಕಗಳು ಆ ಸಾಲಿಗೆ ಸೇರಿದಂಥವು. ಇನ್ನೊಂದು ಐರೋಲಿ, ಮಹಾಪೆಗಳ ತಂತ್ರಾಂಶ ಕಂಪನಿಗಳ ಮುಖ. ಕಂಟ್ರೋಲ್ ರೂಮಿನ ಪರದೆ, ವೇಬ್ರಿಡ್ಜಿನ ತೂಕದ ಅಂಕಿ, ಗೋದಾಮಿನ ಸ್ಟಾಕ್ ಪಟ್ಟಿ, ಲ್ಯಾಬಿನ ಗ್ರಾಫ್ ಇವನ್ನೆಲ್ಲ ತೋರಿಸುವ ಡೆಸ್ಕ್‌ಟಾಪ್ ತಂತ್ರಾಂಶವನ್ನು ಬರೆಯುವವರೂ ಅದರ ಮುಂದೆ ಇಡೀ ಪಾಳಿ ಕೂತು ದುಡಿಯುವವರೂ ಹೀಗೆ ಒಂದೇ ಊರಿನವರು. ಇಂಥ ತಂತ್ರಾಂಶಗಳಲ್ಲಿ ವಿಂಡೋಸ್ ಕೊಡುವ ಸಿದ್ಧ ಬಟನ್ನು, ಪಟ್ಟಿಗಳು ಸಾಲುವುದಿಲ್ಲ. ಟ್ಯಾಂಕಿನ ಮಟ್ಟ ತೋರಿಸುವ ಗೇಜು, ಓಡುವ ಟ್ರೆಂಡ್ ಗೆರೆ, ಬಣ್ಣ ಬದಲಿಸುವ ವಾಲ್ವಿನ ಚಿತ್ರ ಮುಂತಾದವನ್ನು ಪ್ರೋಗ್ರಾಮರ್ ತಾನೇ ಬರೆಯಬೇಕಾಗುತ್ತದೆ. ಇವೇ ಕಸ್ಟಮ್ ಕಂಟ್ರೋಲುಗಳು. ಇವುಗಳಿಗೆ ಅಂಟಿಕೊಂಡು ಬಂದಿರುವ ಹಳೆಯ ದೋಷ ಫ್ಲಿಕರ್: ಅಂಕಿ ಬದಲಾದಾಗಲೆಲ್ಲ, ಕಿಟಕಿಯ ಅಳತೆ ಹಿಗ್ಗಿಸಿದಾಗಲೆಲ್ಲ ಚಿತ್ರ ಕ್ಷಣಕಾಲ ಮಾಯವಾಗಿ ಮತ್ತೆ ಮೂಡುವುದು. ಇದು ಏಕೆ ಬರುತ್ತದೆ, ಇದಕ್ಕೆ ಯಾವ ಯಾವ ಮದ್ದುಗಳು ಬಂದಿವೆ, ಯಾವುದು ಎಲ್ಲಿ ಸಾಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದರ ಸಮೀಕ್ಷೆ ಈ ಲೇಖನ. ನನ್ನ ವಾದ ಇಷ್ಟೇ: ಫ್ಲಿಕರ್ ಕಂಪ್ಯೂಟರಿನ ನಿಧಾನಗತಿಯಿಂದ ಹುಟ್ಟುವುದಲ್ಲ; ಬಿಡಿಸುವ ಕ್ರಮ ತಪ್ಪಿದ್ದರಿಂದ ಹುಟ್ಟುವುದು. ಆದ್ದರಿಂದ ಯಂತ್ರ ಬದಲಿಸಿ ಅದನ್ನು ಗೆಲ್ಲಲಾಗದು, ಕ್ರಮ ಸರಿಪಡಿಸಿದರೆ ಹಳೆಯ ಯಂತ್ರದಲ್ಲೂ ಗೆಲ್ಲಬಹುದು.

ಮೊದಲು ದೋಷ ಹುಟ್ಟುವ ಜಾಗ. ವಿಂಡೋಸಿನಲ್ಲಿ ಒಂದು ಕಂಟ್ರೋಲಿನ ಯಾವುದೋ ಭಾಗ ಹಳತಾಯಿತು ಎಂದು ತಂತ್ರಾಂಶ ಘೋಷಿಸಿದರೆ, ವ್ಯವಸ್ಥೆ ಎರಡು ಸಂದೇಶ ಕಳಿಸುತ್ತದೆ: ಮೊದಲನೆಯದು ಹಿನ್ನೆಲೆ ಅಳಿಸು ಎಂದು, ಎರಡನೆಯದು ಚಿತ್ರ ಬಿಡಿಸು ಎಂದು. ಮೊದಲನೆಯದರಲ್ಲಿ ಇಡೀ ಜಾಗಕ್ಕೆ ಬಿಳಿಯೋ ಬೂದಿಯೋ ಬಣ್ಣ ಬಳಿಯಲಾಗುತ್ತದೆ. ಎರಡನೆಯದರಲ್ಲಿ ಅದರ ಮೇಲೆ ಗೆರೆ, ಅಂಕಿ, ಚಿತ್ರ ಬರುತ್ತವೆ. ಹಲಗೆ ಪೂರ್ತಿ ಒರೆಸಿ ಮತ್ತೆ ಅದೇ ಲೆಕ್ಕ ಬರೆಯುವ ಹಾಗೆ. ಮಾನಿಟರ್ ಸೆಕೆಂಡಿಗೆ 60 ಸಲ, ಎಂದರೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ, ಹೊಸ ಚಿತ್ರ ತೋರಿಸುತ್ತದೆ. ಒರೆಸುವುದಕ್ಕೂ ಬರೆಯುವುದಕ್ಕೂ ನಡುವೆ ಆ ಗಳಿಗೆ ಬಂದರೆ ಕಣ್ಣಿಗೆ ಬೀಳುವುದು ಖಾಲಿ ಹಲಗೆ. ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಒಂದು ಗೇಜು ಸೆಕೆಂಡಿಗೆ 10 ಸಲ ಬದಲಾಗುತ್ತದೆ, ಪ್ರತಿ ಸಲ 2 ಮಿಲಿಸೆಕೆಂಡು ಖಾಲಿ ಇರುತ್ತದೆ ಎಂದುಕೊಳ್ಳೋಣ. ಆ ಖಾಲಿ ಹೊತ್ತು ಪರದೆಗೆ ಸಿಕ್ಕಿಬೀಳುವ ಸಂಭವ ಪ್ರತಿ ಸಲ ಶೇಕಡಾ 12ರಷ್ಟು. ಅಲ್ಲಿಗೆ ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು ಮಿಟುಕು. ಹತ್ತು ಪಟ್ಟು ವೇಗದ ಯಂತ್ರ ತಂದರೆ ಖಾಲಿ ಹೊತ್ತು 0.2 ಮಿಲಿಸೆಕೆಂಡಿಗೆ ಇಳಿಯುತ್ತದೆ, ಆದರೂ ನಿಮಿಷಕ್ಕೆ ಸುಮಾರು 7 ಮಿಟುಕು ಉಳಿದೇ ಉಳಿಯುತ್ತವೆ, ಅದೂ ಹೊತ್ತುಗೊತ್ತಿಲ್ಲದೆ. ವೇಗ ದೋಷವನ್ನು ಅಪರೂಪ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಅಪರೂಪದ ದೋಷ ಪ್ರೋಗ್ರಾಮರಿನ ಮೇಜಿನ ಮೇಲೆ ಕಾಣದೆ, ಗಿರಾಕಿಯ ಕಂಟ್ರೋಲ್ ರೂಮಿನಲ್ಲಿ ಮಾತ್ರ ಕಾಣುವುದೂ ಇದೇ ಕಾರಣಕ್ಕೆ.

ಇಷ್ಟು ಸಣ್ಣ ಹೊತ್ತಿನ ಖಾಲಿತನ ಕಣ್ಣಿಗೆ ಏಕೆ ಅಷ್ಟು ಚುಚ್ಚುತ್ತದೆ? ಸಿನಿಮಾ ಸೆಕೆಂಡಿಗೆ 24 ಚಿತ್ರಗಳಲ್ಲಿ ಓಡುತ್ತದೆ. ಆದರೆ ಹಳೆಯ ಪ್ರೊಜೆಕ್ಟರುಗಳು ಪ್ರತಿ ಚಿತ್ರದ ಮೇಲೂ ಬೆಳಕನ್ನು ಎರಡು ಮೂರು ಸಲ ತಡೆದು ಬಿಟ್ಟು, ಸೆಕೆಂಡಿಗೆ 48 ಅಥವಾ 72 ಹೊಳಪು ಸಿಗುವಂತೆ ಮಾಡುತ್ತಿದ್ದವು. ಚಲನೆ ತೋರಿಸಲು 24 ಸಾಕು, ಮಿಟುಕು ಮುಚ್ಚಲು ಸಾಲದು ಎಂಬುದು ಅವರಿಗೆ ತಿಳಿದಿತ್ತು. ಪರದೆ ಬೆಳಕಾದಷ್ಟೂ ಮಿಟುಕು ಹೆಚ್ಚು ಗೋಚರಿಸುತ್ತದೆ. ಕಣ್ಣಿನ ಅಂಚು ಸಣ್ಣಕ್ಷರ ಓದಲಾರದು, ಆದರೆ ಅಲುಗಾಟವನ್ನೂ ಮಿಟುಕನ್ನೂ ಬೇಗ ಹಿಡಿಯುತ್ತದೆ. ನಾವು ಒಂದು ಅಂಕಿಯನ್ನು ನೋಡುತ್ತಿರುವಾಗ ಬದಿಯಲ್ಲಿ ಇನ್ನೊಂದು ಗೇಜು ಮಿಟುಕಿದರೆ ಗಮನ ತಾನಾಗಿ ಅತ್ತ ಹರಿಯುತ್ತದೆ. ಹೀಗೆ ಸೆಳೆಯುವ ಗುಣ ಇರುವುದರಿಂದಲೇ ಕೈಗಾರಿಕಾ ಪರದೆಗಳಲ್ಲಿ ಮಿಟುಕಿಗೆ ಒಂದು ಅರ್ಥ ಕೊಟ್ಟಿದ್ದಾರೆ. ಅಪಾಯದ ಸೂಚನೆ ಬಂದಿದೆ, ಯಾರೂ ಇನ್ನೂ ಅದನ್ನು ಒಪ್ಪಿಕೊಂಡು ಗುಂಡಿ ಒತ್ತಿಲ್ಲ ಎಂದಾದರೆ ಅದು ಮಿಟುಕುತ್ತದೆ. ಒತ್ತಿದ ಮೇಲೆ ಸ್ಥಿರವಾಗುತ್ತದೆ. 2009ರಲ್ಲಿ ಬಂದ ಐಎಸ್‌ಎ-18.2 ಎಂಬ ಅಲಾರ್ಮ್ ನಿರ್ವಹಣೆಯ ಮಾನದಂಡ ಓದಿದವರಿಗೆ ಈ ಪದ್ಧತಿ ಗೊತ್ತು. ಅಂಥ ಪರದೆಯಲ್ಲಿ ಉದ್ದೇಶವಿಲ್ಲದ ಮಿಟುಕು ಸೇರಿಕೊಂಡರೆ ಅದು ಚೆಂದ ಕೆಡಿಸುವುದಷ್ಟೇ ಅಲ್ಲ, ಎಚ್ಚರಿಕೆಯ ಭಾಷೆಯನ್ನೇ ಕೆಡಿಸುತ್ತದೆ. ಸುಮ್ಮಸುಮ್ಮನೆ ಮಿಟುಕುವ ಪರದೆಗೆ ಒಗ್ಗಿಹೋದ ಆಪರೇಟರಿಗೆ ನಿಜವಾದ ಮಿಟುಕನ್ನೂ ಕಡೆಗಣಿಸುವ ಅಭ್ಯಾಸವನ್ನು ತಂತ್ರಾಂಶವೇ ಕಲಿಸಿದಂತಾಗುತ್ತದೆ.

ಇದು ಎಷ್ಟು ಮುಖ್ಯ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಇಡೀ ಮಹಾರಾಷ್ಟ್ರದ ವಿದ್ಯುತ್ ಹರಿವನ್ನು ಕ್ಷಣಕ್ಷಣ ನೋಡಿಕೊಳ್ಳುವ ರಾಜ್ಯ ಲೋಡ್ ಡಿಸ್ಪ್ಯಾಚ್ ಸೆಂಟರ್ ಇರುವುದು ಐರೋಲಿಯಲ್ಲಿ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಕಲ್ವಾ-ಪಡ್ಘೆ ಭಾಗದ ಪ್ರಸರಣ ಮಾರ್ಗಗಳು ಕೈಕೊಟ್ಟು ಮುಂಬಯಿ, ಥಾಣೆ, ನವಿಮುಂಬಯಿಗಳಲ್ಲಿ ಕರೆಂಟು ಹೋಯಿತು, ಲೋಕಲ್ ರೈಲುಗಳು ನಿಂತವು. ಆ ದಿನಕ್ಕೂ ಪರದೆಯ ದೋಷಕ್ಕೂ ಸಂಬಂಧ ಕಲ್ಪಿಸುವುದು ಇಲ್ಲಿಯ ಉದ್ದೇಶವಲ್ಲ. ಹೇಳಬೇಕಾದ್ದು ಇಷ್ಟು: ಅಂಥ ದಿನಗಳಲ್ಲಿ ಯಾವ ಕಂಟ್ರೋಲ್ ರೂಮಿನಲ್ಲೇ ಆಗಲಿ ನೂರಾರು ಅಂಕಿಗಳು ಒಮ್ಮೆಲೇ ಬದಲಾಗುತ್ತವೆ, ಅಲಾರ್ಮ್ ಪಟ್ಟಿ ಸಾಲುಸಾಲಾಗಿ ಉರುಳುತ್ತದೆ. ಫ್ಲಿಕರ್ ಎಂಬುದು ಬದಲಾವಣೆಯ ಸಂಖ್ಯೆಗೆ ತಕ್ಕಂತೆ ಬೆಳೆಯುವ ದೋಷ. ಸದ್ದಿಲ್ಲದ ದಿನ ತೆಪ್ಪಗಿರುವ ಪರದೆ, ಓದಲೇಬೇಕಾದ ದಿನ ಅತಿ ಹೆಚ್ಚು ಮಿಟುಕುತ್ತದೆ.

ಈ ದೋಷಕ್ಕೆ ಮದ್ದು ಹುಡುಕಿದ ಚರಿತ್ರೆ ಉದ್ದವಾದದ್ದು. ಜೆರಾಕ್ಸ್ ಕಂಪನಿಯ ಪಾರ್ಕ್ ಪ್ರಯೋಗಾಲಯದಲ್ಲಿ ಡ್ಯಾನ್ ಇಂಗಲ್ಸ್ 1975ರಲ್ಲಿ ಬಿಟ್‌ಬ್ಲಿಟ್ ಎಂಬ ಕ್ರಿಯೆಯನ್ನು ರೂಪಿಸಿದರು: ಮೆಮೊರಿಯ ಒಂದು ಚೌಕದಲ್ಲಿರುವ ಚಿತ್ರವನ್ನು ಇನ್ನೊಂದು ಚೌಕಕ್ಕೆ ಒಟ್ಟಿಗೆ ಎತ್ತಿಡುವುದು. ಡಬಲ್ ಬಫರಿಂಗ್ ನಿಂತಿರುವುದು ಇದರ ಮೇಲೆ. ಚಿತ್ರವನ್ನು ಮೊದಲು ಕಾಣದ ಹಲಗೆಯ ಮೇಲೆ ಪೂರ್ತಿ ಬಿಡಿಸಿ, ಮುಗಿದ ಮೇಲೆ ಒಂದೇ ಏಟಿಗೆ ಪರದೆಗೆ ವರ್ಗಾಯಿಸುತ್ತಾರೆ. 1990ರ ದಶಕದ ಮೆಮೊರಿ ಬೆಲೆಯಲ್ಲಿ ಇದು ಪುಕ್ಕಟೆ ಸಿಗುವ ಸೌಕರ್ಯವಾಗಿರಲಿಲ್ಲ. 1024×768 ಅಳತೆಯ 16-ಬಿಟ್ ಪರದೆಯೊಂದಕ್ಕೆ ಸುಮಾರು 15 ಲಕ್ಷ 70 ಸಾವಿರ ಬೈಟ್ ಬೇಕು. ಅದಕ್ಕಾಗಿಯೇ ಆ ಕಾಲದ ಸಾಧನಗಳು ಇದನ್ನು ಐಚ್ಛಿಕವಾಗಿ ಇಟ್ಟವು. ವಿಷುಯಲ್ ಬೇಸಿಕ್ಕಿನಲ್ಲಿ ಆಟೊರೀಡ್ರಾ ಎಂಬ ಗುಣವನ್ನು ಪ್ರೋಗ್ರಾಮರ್ ತಾನೇ ಆನ್ ಮಾಡಬೇಕಿತ್ತು. 1996ರ ಜಾವಾದ ಎಡಬ್ಲ್ಯೂಟಿಯಲ್ಲಿ ‘ಅಪ್‌ಡೇಟ್’ ಎಂಬ ಕ್ರಿಯೆ ಮೊದಲು ಹಿನ್ನೆಲೆ ಅಳಿಸಿ ಆಮೇಲೆ ಬಿಡಿಸುತ್ತಿತ್ತು. ಅದನ್ನು ತಡೆಯುವುದೇ ಆ ಕಾಲದ ಪ್ರೋಗ್ರಾಮರುಗಳ ಮೊದಲ ಪಾಠವಾಗಿತ್ತು. 1998ರಲ್ಲಿ ಜಾವಾಕ್ಕೇ ಬಂದ ಸ್ವಿಂಗ್ ಡಬಲ್ ಬಫರನ್ನು ತಾನಾಗಿ ಒದಗಿಸಿತು. 2005ರಲ್ಲಿ ಬಂದ ಕ್ಯೂಟಿ-4 ಕೂಡ ಹಾಗೆಯೇ ಮಾಡಿತು. ಅದೇ ವರ್ಷದ ಡಾಟ್‌ನೆಟ್ 2.0 ಅದನ್ನು ಒಂದು ಸಾಲಿನ ಆಯ್ಕೆಯಾಗಿಸಿತು. 2007ರ ವಿಂಡೋಸ್ ವಿಸ್ತಾದಿಂದ ಡೆಸ್ಕ್‌ಟಾಪ್ ವಿಂಡೋ ಮ್ಯಾನೇಜರ್ ಎಂಬ ಜೋಡಣೆಗಾರ ಬಂದು ಎಲ್ಲ ಕಿಟಕಿಗಳ ಚಿತ್ರಗಳನ್ನೂ ಮೆಮೊರಿಯಲ್ಲಿಟ್ಟು ಒಟ್ಟುಗೂಡಿಸತೊಡಗಿತು; 2012ರ ವಿಂಡೋಸ್ 8ರ ಹೊತ್ತಿಗೆ ಅದನ್ನು ಆಫ್ ಮಾಡುವ ಅವಕಾಶವೂ ಹೋಯಿತು. ಲಿನಕ್ಸ್ ಕಡೆ 2008ರಲ್ಲಿ ಶುರುವಾದ ವೇಲ್ಯಾಂಡ್ ಯೋಜನೆ ಅರೆಬರೆ ಚಿತ್ರ ಎಂದೂ ಪರದೆಗೆ ಬರಬಾರದು ಎಂಬುದನ್ನೇ ತನ್ನ ಗುರಿಯಾಗಿಟ್ಟುಕೊಂಡಿತು. ಈ ಚರಿತ್ರೆಯ ದಿಕ್ಕು ಒಂದೇ: ಕೆಲಸ ಮುಗಿಯುವ ತನಕ ತೋರಿಸಬೇಡ.

ಹಾಗಾದರೆ ಎಲ್ಲಕ್ಕೂ ಡಬಲ್ ಬಫರ್ ಹಾಕಿದರೆ ಮುಗಿಯಿತಲ್ಲ ಎಂಬುದು ಸಹಜವಾದ ಮಾತು. ಬಹಳ ಕಂಪನಿಗಳಲ್ಲಿ ಹೀಗೇ ಮಾಡುತ್ತಾರೆ. ಆದರೆ ಅದು ಮೂರನೆಯ ಮದ್ದು, ಮೊದಲನೆಯದಲ್ಲ. ಮೊದಲನೆಯದು ಅಳಿಸುವುದನ್ನೇ ಬಿಡುವುದು. ತನ್ನ ಜಾಗದ ಪ್ರತಿ ಪಿಕ್ಸೆಲನ್ನೂ ತಾನೇ ತುಂಬುವ ಕಂಟ್ರೋಲಿಗೆ ಹಿನ್ನೆಲೆ ಅಳಿಸುವ ಸಂದೇಶದ ಅಗತ್ಯವೇ ಇಲ್ಲ; ಆ ಸಂದೇಶಕ್ಕೆ ‘ಆಯಿತು’ ಎಂದು ಉತ್ತರಿಸಿ ಏನೂ ಮಾಡದೆ ಬಿಟ್ಟರೆ ಅರ್ಧ ರೋಗ ಅಲ್ಲೇ ವಾಸಿ. ಅಂಕಿ ಬರೆಯುವಾಗ ಅಕ್ಷರವನ್ನೂ ಅದರ ಹಿಂದಿನ ಬಣ್ಣವನ್ನೂ ಒಂದೇ ಕರೆಯಲ್ಲಿ ಬರೆಯುವ ಸೌಲಭ್ಯ ವಿಂಡೋಸಿನಲ್ಲಿ ಚಿತ್ರ ಬಿಡಿಸುವ ಜಿಡಿಐ ಎಂಬ ಭಾಗದಲ್ಲಿ ಮೊದಲಿನಿಂದ ಇದೆ. ಎರಡನೆಯದು ಕಡಿಮೆ ಬಿಡಿಸುವುದು. 100 ಪಿಕ್ಸೆಲ್ ಅಗಲ, 400 ಪಿಕ್ಸೆಲ್ ಎತ್ತರದ ಟ್ಯಾಂಕ್ ಗೇಜನ್ನು ತೆಗೆದುಕೊಳ್ಳಿ. ಮಟ್ಟ ಶೇಕಡಾ 62ರಿಂದ 63ಕ್ಕೆ ಏರಿದರೆ ನಿಜವಾಗಿ ಬದಲಾದದ್ದು 4 ಪಿಕ್ಸೆಲ್ ಎತ್ತರದ ಒಂದು ಪಟ್ಟಿ, ಎಂದರೆ 400 ಪಿಕ್ಸೆಲ್. ಇಡೀ ಗೇಜು ಹಳತಾಯಿತೆಂದು ಘೋಷಿಸಿದರೆ 40,000 ಪಿಕ್ಸೆಲ್ ಮತ್ತೆ ಬಳಿಯಬೇಕು. ನೂರು ಪಟ್ಟು ಕೆಲಸ. ಬದಲಾದ ಚೌಕವನ್ನಷ್ಟೇ ಘೋಷಿಸಿದರೆ ಉಳಿದ 39,600 ಪಿಕ್ಸೆಲುಗಳು ಮಿಟುಕುವ ಪ್ರಶ್ನೆಯೇ ಬರುವುದಿಲ್ಲ, ಅವನ್ನು ಯಾರೂ ಮುಟ್ಟಿಲ್ಲ. ಕಿಟಕಿ ಹಿಗ್ಗಿಸುವಾಗ ಬರುವ ಮಿಟುಕಿಗೂ ಇದೇ ಮದ್ದು: ಅಳತೆ ಬದಲಾದಾಗ ಇಡೀ ಕಿಟಕಿಯನ್ನು ಮತ್ತೆ ಬಿಡಿಸು ಎಂಬ ಸೂಚನೆಯನ್ನು ಅಗತ್ಯವಿಲ್ಲದ ಕಡೆ ತೆಗೆದುಹಾಕುವುದು, ಮಕ್ಕಳ ಕಿಟಕಿಗಳ, ಎಂದರೆ ಒಳಗಿನ ಕಂಟ್ರೋಲುಗಳ, ಜಾಗದಲ್ಲಿ ಅವನ್ನು ಹೊತ್ತ ತಾಯಿ ಕಿಟಕಿ ಬಣ್ಣ ಬಳಿಯದಂತೆ ನೋಡಿಕೊಳ್ಳುವುದು, ಹತ್ತಾರು ಕಂಟ್ರೋಲುಗಳನ್ನು ಒಂದೊಂದಾಗಿ ಸರಿಸದೆ ಒಟ್ಟಿಗೆ ಸರಿಸುವುದು. ಇವಿಷ್ಟೂ ಆದ ಮೇಲೆ, ಪದರ ಪದರವಾಗಿ ಒಂದರ ಮೇಲೊಂದು ಬರುವ ಟ್ರೆಂಡ್ ಗೆರೆಯಂಥ ಚಿತ್ರಗಳಿಗೆ ಡಬಲ್ ಬಫರ್ ಬೇಕೇ ಬೇಕು.

ಈ ಕ್ರಮವನ್ನು ಹಿಂದುಮುಂದು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಎರಡು ಸಾಕ್ಷಿಗಳು. ಒಂದು, ಡಬಲ್ ಬಫರ್ ತನ್ನ ಕಂಟ್ರೋಲಿನ ಒಳಗಷ್ಟೇ ಕೆಲಸ ಮಾಡುತ್ತದೆ. ಒಂದು ಫಾರ್ಮಿನಲ್ಲಿ, ಎಂದರೆ ಒಂದು ಕಿಟಕಿಯಲ್ಲಿ, 60 ಕಂಟ್ರೋಲುಗಳಿದ್ದು ಪ್ರತಿಯೊಂದಕ್ಕೂ ಬೇರೆ ಬಫರ್ ಇದ್ದರೆ, ಪ್ರತಿಯೊಂದೂ ಅಚ್ಚುಕಟ್ಟಾಗಿಯೇ ಬರುತ್ತದೆ, ಆದರೆ 60 ಬೇರೆ ಬೇರೆ ಗಳಿಗೆಗಳಲ್ಲಿ. ಇಡೀ ಫಾರ್ಮು ಅಲೆಯಂತೆ ತುಂಬುವುದು ಕಾಣುತ್ತದೆ. ಎರಡು, ರಿಮೋಟ್ ಡೆಸ್ಕ್‌ಟಾಪಿನ ಹಳೆಯ ಆವೃತ್ತಿಗಳಲ್ಲಿ ‘ಇಲ್ಲೊಂದು ಗೆರೆ ಎಳೆ, ಅಲ್ಲಿ ಈ ಅಕ್ಷರ ಬರೆ’ ಎಂಬ ಪುಟ್ಟ ಆದೇಶಗಳು ತಂತಿಯಲ್ಲಿ ಹೋಗುತ್ತವೆ. ಬಫರಿನಿಂದ ಬಂದ ಚಿತ್ರವಾದರೆ ಪೂರ್ತಿ ಚಿತ್ರವೇ ಹೋಗಬೇಕು. 1920×1080 ಅಳತೆಯ 32-ಬಿಟ್ ಪರದೆಯ ಒಂದು ಚಿತ್ರ ಸಂಕುಚಿಸುವ ಮೊದಲು ಸುಮಾರು 83 ಲಕ್ಷ ಬೈಟು. ನವಿಮುಂಬಯಿಯ ಸರ್ವರಿನಿಂದ ಇನ್ನೊಂದು ಊರಿನ ಶಾಖೆ ಕೆಲಸ ಮಾಡುತ್ತಿದ್ದರೆ ಮಿಟುಕು ಹೋಗಿ ತಡವರಿಕೆ ಬರುತ್ತದೆ. ಆದ್ದರಿಂದಲೇ ತಾನು ರಿಮೋಟ್ ಸೆಷನ್ನಿನಲ್ಲಿ ಇದ್ದೇನೆಯೇ ಎಂದು ತಂತ್ರಾಂಶ ಕೇಳಿ ತಿಳಿಯುವ ವ್ಯವಸ್ಥೆ ವಿಂಡೋಸಿನಲ್ಲಿದೆ. ಹೌದಾದರೆ ಬಫರ್ ಬಿಡಬಹುದು. ಆಗ ಕಾಪಾಡುವವು ಮೊದಲ ಎರಡು ಮದ್ದುಗಳೇ.

ಕನ್ನಡ, ಮರಾಠಿಗಳಲ್ಲಿ ಬರೆಯುವ ಕಂಟ್ರೋಲುಗಳಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ, ಇದನ್ನು ಇಂಗ್ಲಿಷ್ ಕೈಪಿಡಿಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ. ಇಂಗ್ಲಿಷಿನಲ್ಲಿ ಹೊಸ ಅಕ್ಷರ ಟೈಪ್ ಮಾಡಿದರೆ ಬಹುಪಾಲು ಅದು ಬಲಕ್ಕೆ ಸೇರಿಕೊಳ್ಳುತ್ತದೆ, ಹಿಂದಿನದು ಇದ್ದ ಹಾಗೇ ಇರುತ್ತದೆ. ‘ಕಲ್ಯಾಣ’ ಎಂದು ಕನ್ನಡದಲ್ಲಿ ಯುನಿಕೋಡ್ ಕ್ರಮದಲ್ಲಿ ಟೈಪ್ ಮಾಡಿ ನೋಡಿ. ‘ಲ’ ಬರುತ್ತದೆ, ಹಲಂತ ಒತ್ತಿದರೆ ಅದು ‘ಲ್’ ಆಗುತ್ತದೆ, ‘ಯ’ ಒತ್ತಿದರೆ ‘ಲ’ ಮತ್ತೆ ತಲೆಕಟ್ಟು ಪಡೆದು ಪಕ್ಕದಲ್ಲಿ ಯಕಾರದ ಒತ್ತು ಬರುತ್ತದೆ, ದೀರ್ಘ ಒತ್ತಿದರೆ ‘ಲ್ಯಾ’ ಎಂದು ಆಕಾರ ಮತ್ತೆ ಬದಲಾಗುತ್ತದೆ. ಒಂದು ಅಕ್ಷರ, ನಾಲ್ಕು ರೂಪ. ‘ಡೊಂಬಿವಲಿ’ ಎಂದು ಮರಾಠಿಯಲ್ಲಿ ಟೈಪ್ ಮಾಡಿದರೆ ‘ಬ’ ಬಿದ್ದ ಮೇಲೆ ಒತ್ತುವ ಹ್ರಸ್ವ ಇಕಾರ ಅದರ ಎಡಕ್ಕೆ ಬಂದು ಕೂರುತ್ತದೆ, ‘ಬ’ ಬಲಕ್ಕೆ ಸರಿಯಬೇಕಾಗುತ್ತದೆ. ಹೀಗಾಗಿ ಹೊಸದಾಗಿ ಬಿದ್ದ ಅಕ್ಷರದ ಚೌಕವನ್ನಷ್ಟೇ ಮತ್ತೆ ಬಿಡಿಸುವ ಇಂಗ್ಲಿಷ್ ಲೆಕ್ಕಾಚಾರ ಇಲ್ಲಿ ತಪ್ಪುತ್ತದೆ: ಹಳೆಯ ರೂಪದ ಚೂರುಗಳು, ಸಾಲಿನ ಕೆಳಗೆ ಇಳಿದ ಒತ್ತಕ್ಷರದ ತುದಿಗಳು ಪರದೆಯಲ್ಲಿ ಉಳಿದುಬಿಡುತ್ತವೆ. ಅದಕ್ಕೆ ಹೆದರಿದ ಪ್ರೋಗ್ರಾಮರ್ ಪ್ರತಿ ಕೀಲಿಗೂ ಇಡೀ ಪೆಟ್ಟಿಗೆಯನ್ನು ಅಳಿಸಿ ಬರೆಯುತ್ತಾನೆ. ಆಗ ಟೈಪ್ ಮಾಡಿದಷ್ಟು ಹೊತ್ತೂ ಪೆಟ್ಟಿಗೆ ಮಿಟುಕುತ್ತದೆ. ಸರಿಯಾದ ದಾರಿ ಇವೆರಡರ ನಡುವೆ ಇದೆ. ಬದಲಾವಣೆಯ ಘಟಕ ಕೀಲಿಯಲ್ಲ, ಅಕ್ಷರಗುಚ್ಛ. ಗುಚ್ಛದ ಹಳೆಯ ಚೌಕ, ಹೊಸ ಚೌಕ ಎರಡನ್ನೂ ಒತ್ತಿನ ಆಳದ ಸಮೇತ ಅಳೆದು, ಅಗಲ ಬದಲಾಗಿದ್ದರೆ ಅಲ್ಲಿಂದ ಸಾಲಿನ ಕೊನೆಯವರೆಗೆ ಘೋಷಿಸಬೇಕು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನೊಂದಿಗೆ ಕನ್ನಡ ಬಂದಾಗಿನಿಂದ ಈ ಅಳತೆಗಳನ್ನು ವ್ಯವಸ್ಥೆಯ ಯುನಿಸ್ಕ್ರೈಬ್ ಭಾಗವೇ ಕೊಡುತ್ತದೆ, ಕೇಳಿ ಪಡೆಯಬೇಕಷ್ಟೆ. ನಮ್ಮ ಲಿಪಿಗಳಿಗೆ ಮಿಟುಕದ ಪೆಟ್ಟಿಗೆ ಬೇಕಾದರೆ ಲಿಪಿ ಬಲ್ಲವರೇ ಅದನ್ನು ಬರೆಯಬೇಕು.

ಈಗ ಆಕ್ಷೇಪಗಳು. ವಿಸ್ತಾದ ನಂತರ ಜೋಡಣೆಗಾರ ಬಂದಿರುವಾಗ ಇದೆಲ್ಲ ಹಳೆಯ ಕಥೆಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಒಂದು ಕಿಟಕಿ ಇನ್ನೊಂದರ ಮೇಲಿಂದ ಸರಿದಾಗ ಬರುತ್ತಿದ್ದ ಅಳಿಸು-ಬಿಡಿಸು ಹೋದದ್ದು ನಿಜ, ಅದು ದೊಡ್ಡ ಲಾಭ. ಆದರೆ ಕಂಟ್ರೋಲು ಅಳಿಸಿ ಇನ್ನೂ ಬಿಡಿಸುವ ಮೊದಲು ಜೋಡಣೆಗಾರ ಬಂದು ಆ ಅರ್ಧ ಚಿತ್ರವನ್ನೇ ಎತ್ತಿಕೊಂಡು ಹೋಗಬಹುದು. ಕೆಲಸ ಮುಗಿಯಿತೇ ಎಂದು ತಿಳಿಯುವ ದಾರಿ ಜಿಡಿಐ ಕಿಟಕಿಗಳ ವಿಷಯದಲ್ಲಿ ಅದಕ್ಕಿಲ್ಲ. ಮೇಲೆ ಹಾಕಿದ ಲೆಕ್ಕ ಅದಕ್ಕೂ ಹಾಗೇ ಅನ್ವಯಿಸುತ್ತದೆ. ಎಲ್ಲವನ್ನೂ ಬ್ರೌಸರಿಗೆ ಒಯ್ದರೆ ಆಯಿತು ಎಂಬುದು ಎರಡನೆಯ ಮಾತು. ಬ್ರೌಸರ್ ಸ್ಕ್ರಿಪ್ಟಿನ ಒಂದು ಸುತ್ತು ಮುಗಿಯುವ ತನಕ ಪರದೆ ಬದಲಿಸುವುದಿಲ್ಲ, ಹಾಗಾಗಿ ದೋಷ ಕಡಿಮೆ. ಆದರೂ ಕ್ಯಾನ್ವಾಸನ್ನು ಒಂದು ಸುತ್ತಿನಲ್ಲಿ ಅಳಿಸಿ, ಸರ್ವರಿನಿಂದ ಅಂಕಿ ಬಂದ ಮೇಲೆ ಇನ್ನೊಂದು ಸುತ್ತಿನಲ್ಲಿ ಬಿಡಿಸಿದರೆ ಅದೇ ಖಾಲಿ ಹಲಗೆ ಅಲ್ಲೂ ಕಾಣುತ್ತದೆ; ಕ್ಯಾನ್ವಾಸಿನ ಅಗಲ ಬದಲಿಸಿದ ಕೂಡಲೇ ಅದು ತಾನಾಗಿ ಅಳಿಸಿಹೋಗುತ್ತದೆ. ಜಾಗ ಬದಲಾದರೂ ನಿಯಮ ಬದಲಾಗಲಿಲ್ಲ. ಮೂರನೆಯದು ಗಟ್ಟಿ ಆಕ್ಷೇಪ: ಮಿಟುಕಿದರೆ ತಾನೇ ಅಂಕಿ ಹೊಸದಾಯಿತೆಂದು ಗೊತ್ತಾಗುವುದು, ಸ್ಥಿರ ಪರದೆ ಸತ್ತ ಪರದೆಯೂ ಇರಬಹುದಲ್ಲ? ಈ ಅಗತ್ಯ ನಿಜವಾದದ್ದು. ಅದಕ್ಕೆ ಉತ್ತರ ಬೇಕೆಂದೇ ಕೊಡುವ ಗುರುತು: ಅಂಕಿಯ ಪಕ್ಕದಲ್ಲಿ ಅದು ಬಂದ ಸಮಯ, ಸಂಪರ್ಕ ಕಡಿದರೆ ಬೂದಿ ಬಣ್ಣ. ಫ್ಲಿಕರ್ ಈ ಕೆಲಸಕ್ಕೆ ಬಾರದು, ಏಕೆಂದರೆ ಅಂಕಿ ಬದಲಾಗದಿದ್ದರೂ ಅದು ಮಿಟುಕುತ್ತದೆ, ಬದಲಾದರೂ ಕೆಲವೊಮ್ಮೆ ಮಿಟುಕುವುದಿಲ್ಲ. ಬೇಕೆಂದೇ ಮಿಟುಕಿಸುವಲ್ಲೂ ಮಿತಿ ಬೇಕು. ಪರದೆಯ ದೊಡ್ಡ ಭಾಗ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಮಿಂಚಬಾರದೆಂದು 2008ರ ಡಬ್ಲ್ಯೂಸಿಎಜಿ 2.0 ಮಾರ್ಗಸೂಚಿ ಹೇಳುವುದು ಅಪಸ್ಮಾರ ಇರುವವರ ರಕ್ಷಣೆಗಾಗಿ.

ಕೊನೆಯ ಆಕ್ಷೇಪ ಹಣದ್ದು. ಹಳೆಯ ವಿಷುಯಲ್ ಬೇಸಿಕ್ 6 ತಂತ್ರಾಂಶಕ್ಕೆ ಯಾರು ಕೈಹಾಕುತ್ತಾರೆ, ಹೊಸದನ್ನೇ ತರೋಣ ಎನ್ನುತ್ತಾರೆ ಸಣ್ಣ ಉದ್ದಿಮೆದಾರರು. ಆ ಭಾಷೆಯ ಅಭಿವೃದ್ಧಿ ಸಾಧನಕ್ಕೆ ಮೈಕ್ರೊಸಾಫ್ಟಿನ ಬೆಂಬಲ 2008ರಲ್ಲೇ ಮುಗಿದಿದೆ, ಆದರೆ ಅದರಲ್ಲಿ ಬರೆದ ತಂತ್ರಾಂಶ ಇಂದಿನ ವಿಂಡೋಸಿನಲ್ಲೂ ಓಡುತ್ತದೆ; ಆದ್ದರಿಂದಲೇ ಅದು ಇನ್ನೂ ಹಲವು ಮೇಜುಗಳ ಮೇಲಿದೆ. ಹೊಸ ತಂತ್ರಾಂಶಕ್ಕೆ ಬೇರೆ ಸಕಾರಣಗಳು ಇರಬಹುದು. ಫ್ಲಿಕರ್ ಒಂದೇ ಕಾರಣವಾದರೆ ಆ ಖರ್ಚು ವ್ಯರ್ಥ, ಏಕೆಂದರೆ ಅಳಿಸಿ ಬಿಡಿಸುವ ಅಭ್ಯಾಸ ಹೊಸ ಭಾಷೆಯ ಜತೆಗೂ ಬರುತ್ತದೆ. ದೋಷ ಹಿಡಿಯಲು ದುಬಾರಿ ಸಾಧನವೂ ಬೇಡ. 60 ಹರ್ಟ್ಜ್ ಪರದೆಯನ್ನು ಮೊಬೈಲಿನ ಸ್ಲೋ ಮೋಷನ್ನಿನಲ್ಲಿ ಸೆಕೆಂಡಿಗೆ 240 ಚಿತ್ರಗಳಂತೆ ತೆಗೆದರೆ ಪರದೆಯ ಪ್ರತಿ ಚಿತ್ರ ನಾಲ್ಕು ಸಲ ಸಿಗುತ್ತದೆ. ಅದನ್ನು ಒಂದೊಂದೇ ಚಿತ್ರವಾಗಿ ಸರಿಸಿ ನೋಡಿದರೆ ಖಾಲಿಯಾದ ಚೌಕ ಯಾವುದು, ಅದು ಇಡೀ ಫಾರ್ಮಿನದೋ ಒಂದೇ ಗೇಜಿನದೋ ಎಂಬುದು ಬಿಳಿಯಾಗಿ ಎದ್ದು ಕಾಣುತ್ತದೆ. ಇಡೀ ಫಾರ್ಮು ಖಾಲಿಯಾದರೆ ತಾಯಿ ಕಿಟಕಿಯ ಅಳಿಸುವಿಕೆ ತಡೆಯಬೇಕು. ಒಂದೇ ಗೇಜಾದರೆ ಅದರ ಹಿನ್ನೆಲೆ ಸಂದೇಶ ನೋಡಬೇಕು. ಖಾಲಿಯಾಗದೆ ಪದರಗಳು ಒಂದೊಂದಾಗಿ ಬರುತ್ತಿದ್ದರೆ ಅಲ್ಲಿ ಬಫರ್ ಬೇಕು.

ತಂತ್ರಾಂಶ ಕಂಪನಿಗಳ ಪರೀಕ್ಷಾ ಪಟ್ಟಿಯಲ್ಲಿ ಅಂಕಿ ಸರಿಯಿದೆಯೇ, ವರದಿ ಸರಿಯಿದೆಯೇ ಎಂಬ ಸಾಲುಗಳಿರುತ್ತವೆ. ಅಂಕಿ ಬದಲಾಗುವಾಗ ಪರದೆ ಹೇಗೆ ವರ್ತಿಸುತ್ತದೆ ಎಂಬ ಸಾಲು ಸುಲಭವಾಗಿ ಬಿಟ್ಟುಹೋಗುತ್ತದೆ. ಅದೊಂದು ಸಾಲನ್ನು ಸೇರಿಸಿ, ಅತಿ ಹೆಚ್ಚು ಅಂಕಿ ಬದಲಾಗುವ ಹೊತ್ತಿನ ಹೊರೆ ಹಾಕಿ ಪರೀಕ್ಷಿಸಬೇಕು. ಅಳಿಸಬೇಡ, ಬದಲಾದದ್ದನ್ನಷ್ಟೇ ಬಿಡಿಸು, ಮುಗಿಯದೆ ತೋರಿಸಬೇಡ ಎಂಬ ಮೂರು ನಿಯಮಗಳನ್ನು ಇದೇ ಕ್ರಮದಲ್ಲಿ ಪಾಲಿಸಿದರೆ ಇರುವ ಯಂತ್ರದಲ್ಲೇ, ಇರುವ ಭಾಷೆಯಲ್ಲೇ ಈ ದೋಷ ನಿಲ್ಲುತ್ತದೆ. ರಾತ್ರಿಪಾಳಿಯಲ್ಲಿ ಕಣ್ಣು ಕೀಲಿಸಿ ಕೂರುವ ಆಪರೇಟರಿಗೆ ಪರದೆಯ ಮೇಲೆ ಮಿಟುಕಿದ್ದೆಲ್ಲವೂ ನಿಜವಾದ ಎಚ್ಚರಿಕೆ ಎಂಬ ಭರವಸೆ ಇರಬೇಕು. ಆ ಭರವಸೆ ಕೊಡುವುದು ತಂತ್ರಾಂಶ ಬರೆಯುವವರ ಕರ್ತವ್ಯ.